ಶಕೀಲಾ ಭಾಬಿಯ ಕಲ್ಲಿನ ಎರಡನೇ ಸಾಲು

ಲಂಡನ್
9 ನವೆಂಬರ್ 2024

ಗೆಳೆಯ ಜಾನ್ ಪಾಷಾನಿಗೆ ಪೆದ್ದಪ್ಪನ ಸಲಾಮು. ಓದಿ ಹೇಳುತ್ತಿರುವ ನಿನ್ನ ಮಗಳು ಅರ್ಷಿಯಾಳಿಗೆ ಆಶೀರ್ವಾದ.

ನಿನ್ನ ಮಾತು ತಲುಪಿ ಒಂದೂವರೆ ತಿಂಗಳಾಯಿತು. ಸರಿಯಾದ ಉತ್ತರ ಕೊಡದೆ ಕೂತಿದ್ದಕ್ಕೆ ಚೆನ್ನಾಗಿ ಬೈದುಬಿಡು. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಮಳೆ ಬಂತಾ’ ದಾಟಿ ಮುಂದಕ್ಕೆ ಹೋದವರಲ್ಲ. ಅದಕ್ಕೇ ಈ ಕಾಗದ.

ಅರ್ಷಿಯಾ ಓದುವ ಮೊದಲೇ ನೀನು ಇದನ್ನು ಕಿತ್ತುಕೊಂಡು ನೋಡಿರುತ್ತೀಯ. ನಿನಗೆ ಕನ್ನಡ ಓದಲು ಬರದಿದ್ದರೇನು, ಗೆರೆ ಗೊತ್ತು. ‘ಇದೇನೇ ಇದು, ಕೋಳಿ ಕೆದರ್‍ದಂಗೈತೆ’ ಅಂದಿರುತ್ತೀಯ. ಹೌದು ಕಣೋ, ಬಲಗೈ ನಡುಗುತ್ತಿದೆ. ಇಲ್ಲಿಗೆ ಬಂದ ನಾಲ್ಕನೇ ತಿಂಗಳಿಗೆ ಶುರುವಾಯಿತು. ನರದ ಕಾಯಿಲೆಯಂತೆ. ಮಾತ್ರೆ ನುಂಗಿದರೆ ಹೆಚ್ಚಾಗುವುದು ನಿಧಾನವಾಗುತ್ತದೆ, ಹೋಗುವುದಿಲ್ಲವಂತೆ. ನನ್ನ ಮಗಳು ಮುನಿಲಕ್ಷ್ಮಿ ನಾನು ತೋರಿಸಿಕೊಳ್ಳುವ ಆಸ್ಪತ್ರೆಯಲ್ಲೇ ನರ್ಸಾಗಿರುವುದರಿಂದ ಸುಳ್ಳು ಹೇಳಿ ಸಮಾಧಾನ ಮಾಡುವವರೂ ಇಲ್ಲ.

ಇಂಥ ಹೊತ್ತಿಗೆ ಅರ್ಷಿಯಾಳ ಫೋನು ಬಂತು. ‘ಚಾಚಾ, ಅಬ್ಬಾಗೆ ಉಸಿರಾಡಕ್ಕೇ ಕಷ್ಟ ಆಗ್ತೈತೆ. ಅಮ್ಮೀ ಗೋರಿ ಪಕ್ಕದಾಗೆ ನನ್ನ ಕಲ್ಲು ಇಡ್ರಿ, ಅದನ್ನ ಪೆದ್ದಾನೇ ಬರೀಬೇಕು, ಬೇರೆ ಯಾರ ಕೈಗೂ ಕೊಡಬ್ಯಾಡ್ರಿ ಅಂತಾವ್ರೆ. ಯಾವಾಗ ಬರ್ತೀರಾ?’ ಎಂದಳು. ನಾನು ‘ಬರ್ತೀನಮ್ಮ’ ಎಂದುಬಿಟ್ಟೆ. ಆ ದಿನವೇ ಟೀ ಲೋಟ ಕೈಯಿಂದ ಜಾರಿ ಒಡೆದುಹೋಗಿತ್ತು.

ನನ್ನ ದಿನ ಹೇಗೆ ಕಳೆಯುತ್ತದೆ ಎಂದು ಕೇಳಿದ್ದೆಯಂತೆ. ನನ್ನಾಕೆ ಆದಿಲಕ್ಷ್ಮಿ ಮೊಮ್ಮಗಳನ್ನು ನೋಡಿಕೊಳ್ಳುತ್ತಾಳೆ, ಅಡುಗೆ ಮಾಡುತ್ತಾಳೆ. ನನಗೆ ಏನೂ ಕೆಲಸವಿಲ್ಲ. ಮನೆಯಲ್ಲಿ ಕೂತು ಕೈಯನ್ನೇ ನೋಡುತ್ತಿದ್ದುದನ್ನು ಕಂಡು ಮುನಿಲಕ್ಷ್ಮಿ ಬಸ್ಸಿನ ಪಾಸು ಕೊಟ್ಟು, ‘ಹೋಗಪ್ಪ, ಮ್ಯೂಸಿಯಮ್ಮಿನಲ್ಲಿ ಚಿತ್ರ ನೋಡ್ಕೊಂಡು ಬಾ, ಇಲ್ಲಿ ಅದೆಲ್ಲ ಪುಕ್ಕಟೆ’ ಎಂದಳು. ಆವತ್ತಿನಿಂದ ವಾರಕ್ಕೆ ನಾಲ್ಕು ದಿನ ಅದೇ ಕೆಲಸ. ಒಂದೊಂದು ಚಿತ್ರವೂ ನಮ್ಮ ಅಂಗಡಿಯ ಶಟರಿಗಿಂತ ದೊಡ್ಡದು. ಮಖಮಲ್ ಬಟ್ಟೆ ಬರೆದಿದ್ದಾರೆ, ಕೈಯಿಟ್ಟರೆ ಮೆತ್ತಗಿರುತ್ತದೇನೋ ಅನ್ನಿಸುತ್ತದೆ. ಕುಂಚ ಯಾವ ಕಡೆಯಿಂದ ಎಳೆದಿದ್ದಾನೆ ಎಂದು ನೋಡಲು ಮೂಗು ಹತ್ತಿರ ತಂದೆ, ಎಲ್ಲಿಂದಲೋ ಪೀಂ ಎಂದು ಕೂಗಿತು. ಕಾವಲಿನವನು ಓಡಿ ಬಂದ. ಮುಳಬಾಗಿಲಿನಲ್ಲಿ ಮೂವತ್ತು ವರ್ಷ ಬೋರ್ಡು ಬರೆದವನು ನಾನು, ಅವನಿಗೆ ಹೇಗೆ ಹೇಳಲಿ?

ಮೊದಮೊದಲು ಖುಷಿಯಾಗುತ್ತಿತ್ತು. ಈಗ ಹೊಟ್ಟೆ ಉರಿಯುತ್ತದೆ. ಐನೂರು ವರ್ಷದ ಹಿಂದೆ ಯಾರೋ ಎಳೆದ ನೆಟ್ಟನೆ ಗೆರೆಯ ಮುಂದೆ ನಿಂತು ನನ್ನ ಕೈಯನ್ನು ಜೇಬಿಗೆ ತುರುಕಿಕೊಳ್ಳುತ್ತೇನೆ. ಇಷ್ಟು ಚೆಂದದ್ದನ್ನು ನೋಡಲು ಕಣ್ಣು ಉಳಿಸಿ, ಒಂದು ಗೆರೆ ಎಳೆಯಲು ಕೈ ಉಳಿಸದ ದೇವರಿಗೆ ಏನನ್ನಬೇಕೋ ನೀನೇ ಹೇಳು, ನಿನ್ನವನಾದರೂ ಸರಿ, ನನ್ನವನಾದರೂ ಸರಿ.

ಒಂದು ಮ್ಯೂಸಿಯಮ್ಮಿನಲ್ಲಿ ನಿಮ್ಮ ಲಿಪಿಯದೇ ದೊಡ್ಡ ಕೋಣೆಯಿದೆ. ಅಲ್ಲಿ ನಿಂತಾಗ ನಮ್ಮ ಅಂಗಡಿ ನೆನಪಾಯಿತು. ಉರ್ದು ಬೋರ್ಡು ನಾನು ಬರೆಯಬೇಕು, ಕನ್ನಡದ ಬೋರ್ಡು ನೀನು ಬರೆಯಬೇಕು ಎಂದು ಕಾನೂನು ಮಾಡಿದವನು ನೀನು. ನನಗೆ ಉರ್ದು ಓದಲು ಬಾರದು, ನಿನಗೆ ಕನ್ನಡ ಓದಲು ಬಾರದು. ಚೀಟಿಯಲ್ಲಿ ಒಬ್ಬರು ಬರೆದುಕೊಟ್ಟರೆ ಇನ್ನೊಬ್ಬರು ನೋಡಿಕೊಂಡು ಬೋರ್ಡಿಗಿಳಿಸುವುದು. ಜನ ನಕ್ಕಾಗ ನೀನು, ‘ಓದಕ್ಕೆ ಬರೋನು ಅರ್ಧ ನೋಡ್ತಾನೆ ಕಣ್ರೀ, ಮಿಕ್ಕಿದ್ದು ಓದ್ಕೊಂಡ್ಬಿಡ್ತಾನೆ. ಬರದೇ ಇರೋನು ಪೂರ್ತಿ ನೋಡ್ತಾನೆ’ ಎನ್ನುತ್ತಿದ್ದೆ. ಶ್ರೀನಿವಾಸಪುರದ ಮಾವಿನ ಮಂಡಿಯಿಂದ ಮಾಲೂರಿನವರೆಗೆ ನಮ್ಮ ಬೋರ್ಡಿನಲ್ಲಿ ತಪ್ಪು ಹಿಡಿದವರಿಲ್ಲ. ಸಂಜೆ ಇಬ್ಬರ ಕುಂಚವನ್ನೂ ಸೀಮೆಎಣ್ಣೆಯಲ್ಲಿ ತೊಳೆದಿಡುತ್ತಿದ್ದವರು ಅರ್ಷಿಯಾಳ ಅಮ್ಮೀ, ನಮ್ಮ ಶಕೀಲಾ ಭಾಬಿ. ‘ಬೋರ್ಡು ಬರ್‍ದು ಹೆಸರು ನಿಮ್ದು, ವಾಸ್ನೆ ನನ್ದು’ ಎಂದು ರೇಗುತ್ತಿದ್ದರು.

ಆ ಕೋಣೆ ಕಾಯುವ ಹೆಂಗಸು ಲಾಹೋರಿನವಳು. ಬೇಡ ಎನ್ನಲು ‘ನಕ್ಕೋ’, ಹೌದು ಎನ್ನಲು ‘ಹೌ’ ಎನ್ನುವ ನನ್ನ ಮುಳಬಾಗಿಲಿನ ಉರ್ದು ಕೇಳಿ ಬಿದ್ದು ಬಿದ್ದು ನಕ್ಕಳು. ನಾನೂ ಉರ್ದು ಬರೆಯುವವನೇ ಎಂದು ಜಂಬದಿಂದ, ಭಾಬಿಯ ಗೋರಿಯ ಕಲ್ಲಿನ ಫೋಟೋ ಫೋನಿನಲ್ಲಿ ತೋರಿಸಿದೆ. ಹನ್ನೆರಡು ವರ್ಷದ ಹಿಂದೆ, ನಾನು ಬರೆದದ್ದನ್ನು ಕಲ್ಲುಕುಟಿಗ ಕದಿರೇಶ ಕೆತ್ತಿ ಮುಗಿಸಿದ ದಿನವೇ ತೆಗೆದದ್ದು. ಚೆನ್ನಾಗಿದೆ ಎಂದಳು.

ನಿನ್ನ ಕಲ್ಲಿನ ವಿಷಯಕ್ಕೆ ಬರುತ್ತೇನೆ. ನಾನು ಬರಲಾರೆ, ಜಾನ್. ಬಂದರೂ ಬರೆಯಲಾರೆ. ವಿಮಾನ ಹತ್ತಿಸಲು ಮಗಳು ಒಪ್ಪುವುದಿಲ್ಲ, ಹತ್ತಿಸಿದರೂ ಈ ಕೈ ನಿನ್ನ ಹೆಸರಿನ ಮೊದಲ ಅಕ್ಷರವನ್ನೂ ದಾಟುವುದಿಲ್ಲ. ಇಷ್ಟನ್ನು ಹೇಳಲು ನನಗೆ ಒಂದೂವರೆ ತಿಂಗಳು ಬೇಕಾಯಿತು. ಅರ್ಷಿಯಾ, ಅಬ್ಬಾಗೆ ನೀರು ಕೊಟ್ಟು ಆಮೇಲೆ ಮುಂದಕ್ಕೆ ಓದಮ್ಮ.

ಮಾತ್ರೆ ಬಿಡಬೇಡ. ಬೆಳಗಿನ ಥಂಡಿಯಲ್ಲಿ ಜಗಲಿಗೆ ಬರಬೇಡ. ಅರ್ಷಿಯಾಳಿಗೂ ಅವಳ ಮನೆಯವರಿಗೂ ಒಳ್ಳೆಯದಾಗಲಿ. ನಿನ್ನ ಉಸಿರು ನಿನಗೆ ಹಗುರಾಗಲಿ ಎಂದು ನನಗೆ ಗೊತ್ತಿರುವ ದೇವರನ್ನೆಲ್ಲ ಕೇಳಿಕೊಳ್ಳುತ್ತೇನೆ.

ಇಂತಿ, ನಿನ್ನ
ಪೆದ್ದಪ್ಪ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಆ ಲಾಹೋರಿನ ಹೆಂಗಸು ಚೆನ್ನಾಗಿದೆ ಎನ್ನಲಿಲ್ಲ. ಫೋಟೋ ನೋಡಿ ಫೋನು ವಾಪಸು ಕೊಟ್ಟಳು. ಒತ್ತಾಯ ಮಾಡಿದ ಮೇಲೆ ಎರಡನೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ‘ಅಲ್ಲಾಹನ ರಹಮತ್ ಇವಳ ಮೇಲಿರಲಿ’ ಎಂದಿರಬೇಕು. ರಹಮತ್ತಿನ ಮೊದಲ ಅಕ್ಷರದ ಮೇಲೆ ನಾನು ಒಂದು ಚುಕ್ಕೆ ಇಟ್ಟಿದ್ದೇನೆ. ರಹಮತ್ ಹೋಗಿ ಜಹಮತ್ ಆಗಿದೆ. ದಯೆ ಇರಬೇಕಾದ ಕಡೆ ತಾಪತ್ರಯ. ನಮ್ಮ ಕುಂಚ ತೊಳೆದ ಹೆಂಗಸಿನ ತಲೆಯ ಮೇಲೆ ದೇವರ ತಾಪತ್ರಯವಿರಲಿ ಎಂದು ಬರೆದು ಬಂದಿದ್ದೇನೆ.

ನೀನು ಕೊಟ್ಟ ಚೀಟಿ ನನ್ನ ಕಣ್ಣಮುಂದೆಯೇ ಇದೆ. ಆವತ್ತು ನಿನ್ನ ಪೆನ್ನು ಸೋರುತ್ತಿತ್ತು, ನೀನು ಅಳುತ್ತಿದ್ದೆ. ಇಂಕು ಸಿಡಿದದ್ದನ್ನು ನಾನು ಚುಕ್ಕೆ ಎಂದು ಪೂರ್ತಿ ನೋಡಿದೆ. ಬಣ್ಣವಾಗಿದ್ದರೆ ಒರೆಸಬಹುದಿತ್ತು. ಕದಿರೇಶ ಕಲ್ಲಿಗಿಳಿಸಿಬಿಟ್ಟ.

ಪ್ರತಿ ಸಲ ಭಾಬಿಯ ಕಲ್ಲಿಗೆ ಹಾರ ಹಾಕಿದ ಮೇಲೆ ಅದನ್ನು ಎಳೆದು ಎಳೆದು ಎರಡನೇ ಸಾಲಿನ ಮೇಲೆ ಕೂರಿಸುತ್ತಿದ್ದೆಯಲ್ಲ. ‘ನನ್ನ ಕೈಬರಹಾನ ಮುಚ್ತೀಯೇನ್ಲಾ, ಹೊಟ್ಟೆಕಿಚ್ಚಾ?’ ಎಂದು ನಾನು ರೇಗಿಸುತ್ತಿದ್ದೆ. ನೀನು, ‘ಲೇ ಪೆದ್ದ, ತೆಲುಗಲ್ಲಿ ದೊಡ್ಡೋನು ಕಣೋ ನೀನು, ಕನ್ನಡದಲ್ಲಿ ಮಾತ್ರ ದಡ್ಡ’ ಎಂದು ನಗುತ್ತಿದ್ದೆ. ಆ ತಪ್ಪಿನ ಬಗ್ಗೆ ಹನ್ನೆರಡು ವರ್ಷ ಒಂದು ಮಾತು ಆಡಲಿಲ್ಲ. ಅದೆಲ್ಲ ಗೊತ್ತಿದ್ದೂ ನಿನ್ನ ಕಲ್ಲನ್ನೂ ನಾನೇ ಬರೆಯಬೇಕು ಎಂದು ಹೇಳಿಕಳಿಸಿದ್ದೀಯ.

ಆ ಹೆಂಗಸಿನ ಹತ್ತಿರ ಸರಿಯಾದ ಸಾಲು ಬರೆಸಿಕೊಂಡು, ಕದಿರೇಶನಿಗೆ ಕಳಿಸಲೆಂದು ಕಾಗದದ ಮೇಲೆ ದಿನವೂ ಬರೆದೆ. ಒಂದೂ ಬರಲಿಲ್ಲ. ನಡುಗುವ ಕೈ ಎಲ್ಲೆಂದರಲ್ಲಿ ಪೆನ್ನು ಊರುತ್ತದೆ. ಇದ್ದುದರಲ್ಲಿ ವಾಸಿಯಾದ ಒಂದು ಹಾಳೆಯನ್ನು ಇದರ ಜೊತೆ ಮಡಚಿಟ್ಟಿದ್ದೇನೆ. ಕಲ್ಲಿಗೆ ಇಳಿಸಬೇಡಿ. ಅರ್ಷಿಯಾಳೂ ಓದುವುದು ಬೇಡ. ನೀನೊಬ್ಬನೇ ನೋಡು. ಮೊದಲ ಅಕ್ಷರದ ಮೇಲೆ ಚುಕ್ಕೆ ಕಂಡರೆ ಅದು ಅಕ್ಷರದ್ದಲ್ಲ ಕಣೋ, ನನ್ನ ಕೈಯದು.