ಸುಣ್ಣಕ್ಕೆ ನೀರು

೪ ಆಗಸ್ಟ್ ೧೯೬೯, ಸೋಮವಾರ. ವಾಡಿ
ಹಾಲು ಒಡೆದಿತ್ತು. ಚಹಾ ಇಲ್ಲದೆ ಶಾಲೆಗೆ.
ಒಂಬತ್ತನೇ ಕ್ಲಾಸಿಗೆ ಸುಣ್ಣದ ಪಾಠ. ಲ್ಯಾಬ್ ಇಲ್ಲ. ತಗಡಿನ ಡಬ್ಬಿಯಲ್ಲಿ ಸುಟ್ಟ ಸುಣ್ಣದ ಹರಳು ಇಟ್ಟು ಸ್ವಲ್ಪ ನೀರು ಹಾಕಿ ತೋರಿಸಿದೆ. ಬುಸ್ ಎಂದು ಹಬೆ. ಹರಳು ಬಿರಿದು ಹಿಟ್ಟಾಯಿತು. ಕ್ಯಾಲ್ಸಿಯಂ ಆಕ್ಸೈಡಿಗೆ ನೀರು ಸೇರಿದರೆ ಶಾಖ ಹುಟ್ಟುತ್ತದೆ, ಕೈ ಸುಡುತ್ತದೆ ಎಂದೆ. ಡಬ್ಬಿ ಮುಟ್ಟಿ ನೋಡುವ ಧೈರ್ಯ ರಶೀದಾಬೇಗಂ ಒಬ್ಬಳಿಗೇ. ರಾವೂರದಿಂದ ಬರುವ ಹುಡುಗಿ. ತಂದೆ ಅಮೀರ್ ಅಲಿ ಅಲ್ಲಿಯ ಸುಣ್ಣದ ಭಟ್ಟಿಯಲ್ಲಿ ಕೂಲಿ. ಅಬ್ಬಾಗೂ ಇದನ್ನು ಹೇಳುತ್ತೇನೆ ಎಂದಳು. ಮನಸ್ಸಿಗೆ ಹಿತವಾಯಿತು.

೨೧ ಆಗಸ್ಟ್, ಗುರುವಾರ
ರಶೀದಾ ಬಾರದೆ ವಾರದ ಮೇಲಾಯಿತು. ಜ್ವರವಿರಬೇಕು ಎಂದುಕೊಂಡಿದ್ದೆ. ಇಂದು ಭಟ್ಟಿಯ ಕೂಲಿಗಳ ಮುಕಾದಮ ದೇವಿಂದ್ರಪ್ಪ ಶಾಲೆಗೆ ಬಂದಿದ್ದ. ಅವನಿಂದ ತಿಳಿಯಿತು.
ಹತ್ತನೇ ತಾರೀಖಿನ ಭಾನುವಾರ ಅವಳು ತಂದೆಗೆ ಬುತ್ತಿ ಒಯ್ದಿದ್ದಳಂತೆ. ಚೀಲ ಒಡೆದು ಸುಣ್ಣದ ಪುಡಿ ಅಮೀರ್ ಅಲಿಯ ಮುಖಕ್ಕೆ ಬಿತ್ತು. ಹೆಂಗಸರು ಕೊಡ ಹಿಡಿದು ಓಡಿ ಬಂದರು. ಹುಡುಗಿ ಎರಡೂ ಕೈ ಚಾಚಿ ಅಡ್ಡ ನಿಂತಳು. ನೀರು ಹಾಕಬೇಡಿ, ಕಣ್ಣು ಬೇಯುತ್ತವೆ, ಶಾಲೆಯ ಬಾಯಾರು ತೋರಿಸಿದ್ದಾರೆ ಎಂದಳು. ಓದಿದ ಹುಡುಗಿ. ಎಲ್ಲರೂ ನಂಬಿದರು. ಬಟ್ಟೆಯಲ್ಲಿ ಒರೆಸಿ ರೈಲಿನಲ್ಲಿ ಗುಲ್ಬರ್ಗಾ ದವಾಖಾನೆಗೆ ಒಯ್ಯುವ ಹೊತ್ತಿಗೆ ಸಂಜೆ.
ಎರಡೂ ಕಣ್ಣು ಹೋದವು.
ಕಣ್ಣೊಳಗೆ ನೀರು ಇದ್ದೇ ಇರುತ್ತದೆ. ಸುಣ್ಣ ಅಲ್ಲಿಯೇ ಬೇಯತೊಡಗುತ್ತದೆ. ಸ್ವಲ್ಪ ನೀರು ಸುಟ್ಟೀತು; ಕೊಡಗಟ್ಟಲೆ ನೀರು ಶಾಖವನ್ನೂ ಸುಣ್ಣವನ್ನೂ ತೊಳೆದೊಯ್ಯುತ್ತದೆ. ನನಗೆ ಗೊತ್ತಿತ್ತು. ಹೇಳಿರಲಿಲ್ಲ. ಪಾಠ ಮುಗಿಯುವ ಗಂಟೆ ಹೊಡೆದಿತ್ತು… ಪುಸ್ತಕದಲ್ಲೂ ಇರಲಿಲ್ಲ.

೨೪ ಆಗಸ್ಟ್, ಭಾನುವಾರ
ರಾವೂರಕ್ಕೆ ಹೋಗಿದ್ದೆ. ಅಮೀರ್ ಅಲಿ ಬಾಗಿಲ ಕಡೆ ಮುಖ ಮಾಡಿ ಕೂತಿದ್ದ. ನನ್ನ ದನಿ ಕೇಳಿ, "ಕುಂದ್ರಿ ಬಾಯಾರ" ಎಂದ. ಹೆಂಡತಿ ಇಮಾಮ್ಬೀ ಈಗ ಅದೇ ಭಟ್ಟಿಯಲ್ಲಿ ಬುಟ್ಟಿ ಹೊರುತ್ತಾಳೆ. ಮಗಳು ಸರಿಯಾಗಿ ಉಣ್ಣುತ್ತಿಲ್ಲ, ಪುಸ್ತಕ ಮುಟ್ಟುತ್ತಿಲ್ಲ ಎಂದು ಅವಳೇ ಹೇಳಿದಳು.
ರಶೀದಾ ಹೊರಗೆ ನನ್ನ ಜೊತೆ ಬೇವಿನ ಗಿಡದವರೆಗೆ ಬಂದಳು. ಸೊರಗಿದ್ದಳು.
"ಅವತ್ತ ನೀರ ಹಾಕಿದ್ರ ಅಬ್ಬಾನ ಕಣ್ಣ ಉಳೀತಿದ್ದುವೇನ್ರಿ?"
ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅವಳ ಮುಖ ನೋಡಿದೆ.
"ಇಲ್ಲವ್ವ. ನೀ ತಡದದ್ದೇ ಛಲೋ ಆತು."
ಅಲ್ಲಿಯೇ ಕುಸಿದು ಕೂತು ಅತ್ತಳು. ನೆತ್ತಿಯ ಮೇಲೆ ಕೈಯಿಟ್ಟು ನಿಂತೆ.

೧ ಸೆಪ್ಟೆಂಬರ್
ರಶೀದಾ ಕ್ಲಾಸಿಗೆ ಬಂದಳು. ಲೆಕ್ಕ ಬಿಡಿಸಿದಳು. ಮಧ್ಯಾಹ್ನ ಗೆಳತಿಯರ ಜೊತೆ ರೊಟ್ಟಿ ತಿಂದಳು. ಸುಳ್ಳು ಹೇಳಿದ್ದಕ್ಕೆ ದೇವರು ಏನು ಬೇಕಾದರೂ ಮಾಡಲಿ.

೧೪ ನವೆಂಬರ್, ಶುಕ್ರವಾರ
ಬಜಾರದಲ್ಲಿ ದೇವಿಂದ್ರಪ್ಪ ಸಿಕ್ಕ. ಮೊನ್ನೆ ಚಂದ್ರಾಮಪ್ಪನೆಂಬ ಕೂಲಿಯವನ ಕಣ್ಣಿಗೂ ಸುಣ್ಣ ಬಿತ್ತಂತೆ. ನಾನು ಕೇಳುವ ಮೊದಲೇ ಹೇಳಿದ:
"ನಿಮ್ಮ ಮಾತ ನಡಸೀವ್ರಿ ಬಾಯಾರ. ಒಂದ ಹನಿ ನೀರ ಸೋಕಗೊಟ್ಟಿಲ್ಲ."
ರಶೀದಾ ತಡೆದದ್ದೇ ಸರಿ ಎಂದು ನಾನು ಅಂದಿದ್ದು ಭಟ್ಟಿಗೆಲ್ಲ ಗೊತ್ತಾಗಿದೆ. ಮಗಳಿಂದ ಕೇಳಿದ ಇಮಾಮ್ಬೀ ಎಲ್ಲರಿಗೂ ಹೇಳಿದ್ದಾಳೆ, ಅವಳ ಮೇಲಿನ ದೂರು ಹೋಗಲಿ ಎಂದು.
ಚಂದ್ರಾಮಪ್ಪನ ಬಲಗಣ್ಣು ಉಳಿಯುವುದಿಲ್ಲವಂತೆ.

೧೬ ನವೆಂಬರ್, ಭಾನುವಾರ
ಭಟ್ಟಿಗೆ ಹೋದೆ. ಎಲ್ಲರನ್ನೂ ಕರೆಯಲು ಹೇಳಿದೆ. ಒಣ ಪುಡಿ ಕೂಡಲೇ ಒರೆಸಿ ತೆಗೆಯಿರಿ, ಆಮೇಲೆ ನೀರು, ಕೊಡದ ಮೇಲೆ ಕೊಡ, ಕಣ್ಣು ತೆರೆಸಿ ಸುರಿಯುತ್ತಲೇ ಇರಿ, ದವಾಖಾನೆಯ ದಾರಿಯಲ್ಲೂ ನಿಲ್ಲಿಸಬೇಡಿ ಎಂದೆ. ಮೊದಲು ನಾನು ಹೇಳಿದ್ದು ಸುಳ್ಳು ಎಂದೆ. ದೇವಿಂದ್ರಪ್ಪ ಮುಖ ತಿರುಗಿಸಿದ. ಇಮಾಮ್ಬೀ ಬುಟ್ಟಿ ಕೆಳಗಿಟ್ಟಳು.
ತಾಯಿಗೆ ಬುತ್ತಿ ತಂದಿದ್ದ ರಶೀದಾ ಹಿಂದೆ ನಿಂತಿದ್ದಳು. ಅವಳು ಬರುವುದು ಗೊತ್ತಿತ್ತು. ಆದರೂ ಹೇಳಬೇಕಿತ್ತು.
"ಅವತ್ತ ಎಲ್ಲಾರೂ ಕೊಡ ತಂದಿದ್ರಲ್ರಿ," ಎಂದಳು. ಕೇಳಿದ್ದಲ್ಲ, ಸುಮ್ಮನೆ ಹೇಳಿದ್ದು.
"ಹೌದವ್ವ."
ತಾಯಿಯ ಕಡೆ ನೋಡಲಿಲ್ಲ. ಬುತ್ತಿ ಕಲ್ಲಿನ ಮೇಲಿಟ್ಟು ಹೊರಟಳು.

೧೭ ನವೆಂಬರ್, ಸೋಮವಾರ
ಬರುವುದಿಲ್ಲ ಎಂದುಕೊಂಡಿದ್ದೆ. ಬಂದಿದ್ದಳು. ಹಾಜರಿ ಕೂಗಿದಾಗ ಹೂಂ ಎಂದಳು.
ಆಮ್ಲದ ಪಾಠ. ಆಮ್ಲಕ್ಕೆ ನೀರು ಸುರಿಯಬಾರದು, ನೀರಿಗೆ ಆಮ್ಲವನ್ನು ಹನಿಹನಿಯಾಗಿ ಸೇರಿಸಬೇಕು ಎಂದು ಬೋರ್ಡಿನ ಮೇಲೆ ಬರೆದೆ. ಎಲ್ಲರೂ ಬರೆದುಕೊಂಡರು. ರಶೀದಾ ಬರೆಯಲಿಲ್ಲ. ಎದ್ದು ನಿಂತಳು.
"ಇದು ಪೂರಾ ಅದ ಏನ್ರಿ ಬಾಯಾರ?"
ಬೋರ್ಡಿನ ಕಡೆ ತಿರುಗಿದೆ. ಬರೆದದ್ದನ್ನು ಮತ್ತೆ ಓದಿದೆ. ನನಗೆ ತಿಳಿದಷ್ಟು, ಅಂದೆ… ಆಮ್ಲ ಮೈಮೇಲೆ ಬಿದ್ದರೆ ಏನು ಮಾಡಬೇಕೆಂದು ಬೋರ್ಡಿನ ಮೇಲೆ ಇರಲಿಲ್ಲ. ನನಗೆ ತಿಳಿದಷ್ಟು—