ಬಿಡುಗಡೆಯ ದಿನ ಮರಳಿಸಲಾಗುವ ಮಾತ್ರೆಗಳು

ಮಾನ್ಯ ಕಾರಾಗೃಹ ಅಧೀಕ್ಷಕರೇ,

ನನ್ನ ಅಣ್ಣನ ಮಾತ್ರೆಗಳು ಇವತ್ತಿಗೆ ಹದಿಮೂರು ದಿನದಿಂದ ನಿಮ್ಮ ಗೇಟಿನ ಕಪಾಟಿನಲ್ಲಿವೆ. ಅಣ್ಣ ಅಲ್ಲಿಂದ ನೂರು ಹೆಜ್ಜೆ ಒಳಗಿದ್ದಾನೆ. ಆ ನೂರು ಹೆಜ್ಜೆಯ ಬಗ್ಗೆ ನಿಮಗೆ ಎರಡು ಅರ್ಜಿ ಕೊಟ್ಟೆ. ಎರಡರ ಮೇಲೂ ಸೀಲು ಬಿತ್ತು, ಉತ್ತರ ಬರಲಿಲ್ಲ. ಹಾಗಾಗಿ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಾನು ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಈಗ ಡಿಗ್ರಿ ಮೊದಲ ವರ್ಷ. ನನ್ನ ಕನ್ನಡದ ತಪ್ಪುಗಳನ್ನು ತಿದ್ದಿಕೊಂಡು ಓದಿ. ವಿಷಯವನ್ನು ಮಾತ್ರ ತಿದ್ದಬೇಡಿ.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಮೂರು ವರ್ಷದ ಹಿಂದೆ ಲಿಫ್ಟಿನ ಗುಂಡಿಗೆ ಬಿದ್ದು ಬೆನ್ನು ಮುರಿದುಕೊಂಡ. ಆಸ್ಪತ್ರೆಯಲ್ಲಿ ಕೊಟ್ಟ ನೋವಿನ ಮಾತ್ರೆ ನೋವು ಹೋದ ಮೇಲೂ ಅವನನ್ನು ಬಿಡಲಿಲ್ಲ. ಅದು ಸಿಗದಿದ್ದಾಗ ಇನ್ನೇನೇನೋ ಶುರುವಾಯಿತು. ಅದಕ್ಕೋಸ್ಕರ ಕಂಪನಿಯ ಸ್ಟೋರಿನಿಂದ ತಾಮ್ರದ ತಂತಿ ಕದ್ದ. ಕದ್ದದ್ದು ನಿಜ, ನಾನು ಮುಚ್ಚಿಡುತ್ತಿಲ್ಲ. ಆದರೆ ಕಳೆದ ಒಂಬತ್ತು ತಿಂಗಳು ಅವನು ಚಟ ಬಿಡಿಸುವ ಕ್ಲಿನಿಕ್ಕಿಗೆ ಒಂದು ಸರದಿಯನ್ನೂ ತಪ್ಪಿಸಿರಲಿಲ್ಲ. ನಾಲಿಗೆಯ ಕೆಳಗೆ ಇಡುವ ಒಂದು ಮಾತ್ರೆ, ಮನಸ್ಸು ಕುಸಿಯದಿರಲು ಇನ್ನೊಂದು. ಮತ್ತೆ ಕೆಲಸಕ್ಕೂ ಸೇರಿದ್ದ. ನಮ್ಮ ಕಾಲೇಜಿನ ಲಿಫ್ಟ್ ಕೆಟ್ಟಾಗ ಅವನೇ ಬಂದು ಸರಿ ಮಾಡಿ, ನನ್ನ ಫ್ರೆಂಡ್ಸ್ ಎದುರಿಗೇ, "ಮೇಡಂ, ಇನ್ಮೇಲೆ ಲೇಟಾಗಿ ಬಂದು ಲಿಫ್ಟ್ ಮೇಲೆ ಹಾಕ್ಬೇಡಿ" ಎಂದು ಕಿಚಾಯಿಸಿ ಹೋಗಿದ್ದ.

ಆಮೇಲೆ ಆ ತಂತಿ ಕೇಸಿಗೆ ಕೋರ್ಟಿನ ವಾಯಿದೆಯೂ ಕ್ಲಿನಿಕ್ಕಿನ ಸರದಿಯೂ ಒಂದೇ ದಿನ ಬಂದವು. ಅವನು ಕ್ಲಿನಿಕ್ಕಿಗೆ ಹೋದ. ವಾರಂಟ್ ಬಂತು. ವಾಸಿಯಾಗಲು ಹೋಗಿದ್ದಕ್ಕೆ ಒಳಗೆ ಬಂದವರು ನಿಮ್ಮಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಅಮ್ಮ ಹೊಲಿಗೆ ಮಿಷನ್ ತುಳಿಯುತ್ತಲೇ, "ಒಳಗಿದ್ರೆ ಆ ದರಿದ್ರ ಕೈಗೆ ಸಿಗಲ್ಲ. ಡಾಕ್ಟ್ರು ಇರ್ತಾರೆ, ನೋಡ್ಕೋತಾರೆ ಬಿಡು" ಎಂದಳು. ಅಮ್ಮನಿಗೆ ನಿಮ್ಮ ಮೇಲೆ ಅಷ್ಟು ನಂಬಿಕೆ.

ತಪ್ಪು ನನ್ನದೂ ಇದೆ. ಹಾಸ್ಟೆಲಿನಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ವಾರ್ಡನ್ ಆಂಟಿ ಮಾತ್ರೆಗಳನ್ನೆಲ್ಲ ಬಿಡಿಸಿ, ಏಳು ಮನೆಗಳಿರುವ ಡಬ್ಬಿಯಲ್ಲಿ ವಾರದ ಪ್ರಕಾರ ಹಾಕಿಡುತ್ತಿದ್ದರು. ಶಿಸ್ತು ಎಂದರೆ ಅದೇ ಎಂದು ಕಲಿತವಳು ನಾನು. ಅಣ್ಣನ ಮಾತ್ರೆಗಳನ್ನೂ ಹೆಸರು ಅಚ್ಚಾದ ಬೆಳ್ಳಿ ಹಾಳೆಯಿಂದ ಒಂದೊಂದಾಗಿ ಬಿಡಿಸಿ, ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ದಿನ ಬರೆದು, ಬುಧವಾರ ಬೆಳಿಗ್ಗೆ ನಿಮ್ಮ ಗೇಟಿಗೆ ತಂದೆ.

"ಏನಮ್ಮ ಇದು, ಪೆಪ್ಪರ್‌ಮೆಂಟಾ?" ಎಂದರು ಗೇಟಿನ ಕಾವಲಿನವರು.

"ಅಣ್ಣನ ಮಾತ್ರೆ ಅಂಕಲ್. ಯಾವತ್ತು ಯಾವ್ದು ಅಂತ ಬರ್ದಿದೀನಿ."

"ಬರ್ದಿದೀಯ ಸರಿ. ಏನ್ ಮಾತ್ರೆ ಅಂತ ಎಲ್ಲಿದೆ? ಹಾಳೆ ಎಲ್ಲಿ?"

"ಬಿಸಾಕ್ದೆ."

ಅವರು ಮುಚ್ಚಳ ಹಾಕಿ ಡಬ್ಬಿಯನ್ನು ಕಪಾಟಿನಲ್ಲಿಟ್ಟರು. "ಓದೋ ಹುಡ್ಗಿ ನೀನು. ಬಿಡಿ ಮಾತ್ರೆ ಒಳಗ್ ಬಿಟ್ರೆ ನನ್ ಕೆಲ್ಸ ಹೋಗುತ್ತೆ ಕಣಮ್ಮ."

ಅವರ ಮೇಲೆ ನನಗೆ ಸಿಟ್ಟಿಲ್ಲ, ರಸೀದಿಯನ್ನಾದರೂ ಕೊಟ್ಟರು. ಮರುದಿನವೇ ಹೊಸ ಹಾಳೆಗಳನ್ನೂ ಕ್ಲಿನಿಕ್ಕಿನ ಪತ್ರವನ್ನೂ ತಂದೆ. ಜೈಲಿನ ಡಾಕ್ಟರ ಸಹಿ ಬೇಕು ಎಂದರು. ಡಾಕ್ಟರು ಬರುವುದು ಮಂಗಳವಾರ ಮಾತ್ರ. ಆ ಮಂಗಳವಾರ ಅವರು ರಜೆ. ಒಂದು ವಿಷಯ ಕೇಳಲೇ? ಅಣ್ಣ ಒಳಗೆ ಬಂದ ದಿನ ನಿಮ್ಮವರು ಅವನ ಎತ್ತರ ಬರೆದುಕೊಂಡರು, ಬೆಲ್ಟು ಬಿಚ್ಚಿಸಿಕೊಂಡರು, ಎಡಗೆನ್ನೆಯ ಮಚ್ಚೆಯನ್ನೂ ದಾಖಲೆ ಮಾಡಿಕೊಂಡರು. ಮಚ್ಚೆಯ ಬಗ್ಗೆ ಇಷ್ಟು ಕಾಳಜಿ ಇರುವ ಕಚೇರಿಗೆ, ನೀನು ಯಾವ ಮಾತ್ರೆ ತಗೊಳ್ತೀಯ ಎಂದು ಕೇಳಲು ಫಾರ್ಮಿನಲ್ಲಿ ಒಂದು ಸಾಲು ಜಾಗ ಇರಲಿಲ್ಲವೇ? ನಮ್ಮ ಸೈಕಾಲಜಿ ಪುಸ್ತಕದಲ್ಲಿ ಚಟದ ಪಾಠ ಬರುವುದು ಎರಡನೇ ಸೆಮಿಸ್ಟರಿನಲ್ಲಿ. ನಾನು ಮುಂಚೆಯೇ ಓದಿಬಿಟ್ಟೆ. ಥಟ್ಟನೆ ಮಾತ್ರೆ ನಿಂತರೆ ದೇಹಕ್ಕೆ ಏನಾಗುತ್ತದೆ ಎಂಬುದರ ಬಗ್ಗೆ ಅಲ್ಲಿ ಒಂದೂವರೆ ಪುಟ ಇದೆ.

ಮೊನ್ನೆ ಶನಿವಾರ ಭೇಟಿಯಲ್ಲಿ ಆ ಒಂದೂವರೆ ಪುಟ ಜಾಲರಿಯ ಆಚೆ ಕೂತಿತ್ತು. ನಾಲ್ಕು ದಿನ ವಾಂತಿ, ನಡುಕ. ಕಿರುಚಿದ್ದಕ್ಕೆ "ನಾಟಕ" ಎಂದು ಹೇಳಿ ಒಂಟಿ ಕೋಣೆಗೆ ಹಾಕಿದರಂತೆ. ಹಣೆಯಲ್ಲಿ ಗಾಯವಿತ್ತು.

"ಗೋಡೆ ಜತೆ ಮಾತಾಡ್ತಿದ್ದೆ ಪುಟ್ಟಿ. ನಿನ್ನ ಥರ ಎದುರು ಮಾತಾಡಲ್ಲ, ಪಾಪ" ಎಂದು ನಗಲು ನೋಡಿದ. ಆಮೇಲೆ ಜಾಲರಿಗೆ ಮುಖ ತಂದು ಹೇಳಿದ: "ಇಲ್ಲಿ ಅದು ಸಿಗುತ್ತೆ. ಇದು ಸಿಗಲ್ಲ."

"ಬೇಡ ಅಣ್ಣ."

"ತಗೊಂಡಿಲ್ಲ. ಇವತ್ತಿನ ತನಕ ತಗೊಂಡಿಲ್ಲ ಅಂತ ಕ್ಲಿನಿಕ್ಕಿನ ನರ್ಸಕ್ಕಂಗೆ ಹೇಳು."

ಹೇಳಿದೆ. ಅವರು ಖುಷಿಪಡಲಿಲ್ಲ. ಮಾತ್ರೆ ಇಲ್ಲದೆ ಇಷ್ಟು ದಿನ ಕಳೆದ ದೇಹ ಹಳೇ ಅಳತೆಯ ಅಮಲನ್ನು ತಡೆಯುವುದಿಲ್ಲವಂತೆ, ಒಂದು ಸಲ ಸೋತರೂ ಪ್ರಾಣ ಹೋಗಲು ಸಾಕಂತೆ. ಮಾನ್ಯರೇ, ಬೇಡದ್ದು ನಿಮ್ಮ ಗೋಡೆಯನ್ನು ದಾಟಿ ಒಳಗೆ ಬರುತ್ತದೆ. ಬೇಕಾದದ್ದು ಸಹಿಗಾಗಿ ಹೊರಗೆ ಕಾಯುತ್ತದೆ. ನಡುವೆ ನನ್ನ ಅಣ್ಣ ದಿನ ಎಣಿಸುತ್ತಿದ್ದಾನೆ. ಅಮ್ಮನಿಗೆ ಇದನ್ನು ನಾನಿನ್ನೂ ಹೇಳಿಲ್ಲ.

ನಾಳೆ ಮಂಗಳವಾರ. ಡಾಕ್ಟರು ಬರುವುದು ಖಚಿತವಿಲ್ಲ ಎಂದು ಗೇಟಿನಲ್ಲಿ ಹೇಳಿದ್ದಾರೆ. ಸರ್ಕಾರಿ ಆಸ್ಪತ್ರೆ ನಿಮ್ಮಿಂದ ಎರಡು ಬಸ್ ಸ್ಟಾಪ್ ದೂರ. ಇವರು ಬಾರದಿದ್ದರೆ ಅಲ್ಲಿಂದ ಒಬ್ಬರನ್ನು ಕರೆಸಿ. ಅಣ್ಣನನ್ನು ಬಿಡಿ ಎಂದು ಕೇಳುತ್ತಿಲ್ಲ, ಅದನ್ನು ಕೋರ್ಟು ನೋಡಿಕೊಳ್ಳಲಿ. ಅವನಿಗೆ ಅವನ ಮಾತ್ರೆ ಕೊಡಿ. ಒಂಟಿ ಕೋಣೆಯಿಂದ ಹೊರಗೆ ತನ್ನಿ. ಇನ್ನು ಮುಂದೆ ಒಳಗೆ ಬರುವ ಪ್ರತಿಯೊಬ್ಬರನ್ನೂ ಮೊದಲ ದಿನವೇ ಆ ಒಂದು ಪ್ರಶ್ನೆ ಕೇಳಿ. ಒಂಬತ್ತು ಗಂಟೆಗೆ ನಾನು ಗೇಟಿನಲ್ಲಿರುತ್ತೇನೆ, ಆ ಹೊಸ ಹಾಳೆಗಳನ್ನು ಬಿಡಿಸದೆ ಹಾಗೇ ತರುತ್ತೇನೆ.

ನಿಮ್ಮ ರಸೀದಿ ನನ್ನ ಬಳಿ ಇದೆ. "ಬಿಡಿ ಮಾತ್ರೆಗಳಿರುವ ಡಬ್ಬಿ ಒಂದು. ಬಿಡುಗಡೆಯ ದಿನ ಮರಳಿಸಲಾಗುವುದು" ಎಂದು ಅದರಲ್ಲಿದೆ. ಆ ಡಬ್ಬಿಯನ್ನು ಅಣ್ಣನ ಕೈಗೇ ಕೊಡಿ. ನನ್ನನ್ನು ಕರೆಸಿ ನನ್ನ ಕೈಗೆ ಕೊಡಬೇಡಿ.

ಇಂತಿ,
ಹಾಳೆ ಬಿಸಾಡಿದ ತಂಗಿ