ಎರಡು ಮೂಲೆ ಇಲ್ಲದ ಮಣೆ

ಅಪ್ಪಾ,

ಈ ಪತ್ರ ಹಾಕಲು ನಿನಗೀಗ ವಿಳಾಸವಿಲ್ಲ, ಗೊತ್ತು. ಆದರೂ ನಿನಗಲ್ಲದೆ ಇನ್ಯಾರಿಗೆ ಹೇಳಲಿ? ನಮ್ಮ ಚದುರಂಗದ ಮಣೆಯ ಒಗಟನ್ನು ಇವತ್ತು ಬಿಡಿಸಿಬಿಟ್ಟೆ! ಓರೆಯಾಗಿ ಎದುರುಬದುರಾಗಿರುವ ಎರಡು ಮೂಲೆಮನೆ ಬಿಟ್ಟು, ಉಳಿದದ್ದನ್ನೆಲ್ಲ ಎರಡೆರಡು ಮನೆ ಮುಚ್ಚುವ ರಟ್ಟಿನ ತುಂಡುಗಳಿಂದ ತುಂಬಲು ನಾವಿಬ್ಬರೂ ಎಷ್ಟು ಸಂಜೆ ಒದ್ದಾಡಿದ್ದೆವು! ಆಸ್ಪತ್ರೆಯ ಮಂಚದಲ್ಲೂ ನೀನು, "ದಾರಿ ಇದ್ದೇ ಇರುತ್ತೆ ಮಗಳೇ, ಬಿಡಬೇಡ" ಅನ್ನುತ್ತಿದ್ದೆ.

ದಾರಿಯೇ ಇಲ್ಲ, ಅಪ್ಪ! ವಿಶ್ವವಿದ್ಯಾಲಯದ ಬೇಸಿಗೆ ಗಣಿತ ಶಿಬಿರದಲ್ಲಿ ಮೇಡಂ ಇದೇ ಲೆಕ್ಕ ಕೊಟ್ಟರು. ಎಲ್ಲರೂ ತುಂಡು ಜೋಡಿಸುತ್ತಿದ್ದಾಗ ನಾನು ಬಣ್ಣ ನೋಡಿದೆ. ಪ್ರತಿ ತುಂಡೂ ಒಂದು ಕಪ್ಪು, ಒಂದು ಬಿಳಿ ಮನೆಯನ್ನು ಮುಚ್ಚುತ್ತದೆ. ಬಿಟ್ಟ ಮೂಲೆಗಳೋ, ಎರಡೂ ಬಿಳಿ! ಅಂದಮೇಲೆ ಕೊನೆಗೆ ಎರಡು ಕಪ್ಪು ಮನೆ ಉಳಿಯಲೇಬೇಕು. ಮೈ ಜುಮ್ಮೆಂದಿತು. ಕೈ ಎತ್ತುವುದನ್ನೂ ಮರೆತು ಬೋರ್ಡಿಗೆ ಓಡಿದೆ. ಬರೆಯುವ ಆತುರಕ್ಕೆ ಸೀಮೆಸುಣ್ಣ ಮುರಿಯಿತು. ಮೇಡಂ, "ಇನ್ನೊಂದ್ಸಲ ಹೇಳು, ಎಲ್ಲರೂ ಕೇಳಲಿ" ಎಂದರು. ಇಡೀ ಕೋಣೆ ಚಪ್ಪಾಳೆ ತಟ್ಟಿತು.

ಊಟದ ಹೊತ್ತಿಗೆ ಜೊತೆಯ ಹುಡುಗಿಗೆ ನಮ್ಮಿಬ್ಬರ ಕಥೆ ಹೇಳಿದೆ.

"ಅಯ್ಯೋ, ಮೊದಲೇ ಗೊತ್ತಾಗಿದ್ರೆ ಅಷ್ಟೊಂದು ಸಂಜೆ ಹಾಳಾಗ್ತಿರಲಿಲ್ಲ ಅಲ್ವೇನೇ?" ಎಂದಳು.

"ಸದ್ಯ, ಗೊತ್ತಾಗ್ಲಿಲ್ಲ ಕಣೇ" ಅಂದೆ.